ಸರ ಮುಗಿಯುವ ತನಕ ನುಡಿಸಬೇಕು

29 ಅಕ್ಟೋಬರ್ 2008, ಬುಧವಾರ. ಬೆಟಗೇರಿ

ಮತ್ತೆ ರೀಡು, ಊದುವ ಬಾಯಿಗೆ ಕಟ್ಟುವ ತೆಳು ಸೀಳು, ಕೈಕೊಟ್ಟಿತು. ಹೊಸದು, ಮೊನ್ನೆಯಷ್ಟೇ ಹುಬ್ಬಳ್ಳಿಯಿಂದ ತರಿಸಿದ್ದು. ಕ್ಲಾರಿನೆಟ್ಟಿನ ಮೇಲಿನ ಸ್ವರಗಳು ಬರುತ್ತಲೇ ಇಲ್ಲ. ಬಂದರೂ ತೆಳ್ಳಗೆ, ನೀರು ಬೆರೆಸಿದ ಹಾಲಿನ ಹಾಗೆ. ಕೊಟ್ಟವನಿಗೆ ನಾಳೆ ಫೋನ್ ಮಾಡಿ ಉಗಿಯಬೇಕು. ಅವನಿಗೆ ಮಾಶಾಕ ಮಾಸ್ತರ ಎಂದರೆ ಯಾರೋ ದಾರಿಹೋಕ ಎನ್ನಿಸಿರಬೇಕು.

ಇವತ್ತು ಪಾಡ್ಯ. ಗದಗ ಮಾರ್ಕೆಟ್ಟಿನಲ್ಲಿ ಅಂಗಡಿ ಪೂಜೆ, ಸಂಜೆಯಿಂದ ನಮ್ಮ ಬ್ಯಾಂಡು. ಹತ್ತಿ ವ್ಯಾಪಾರಿ, ಕಾಳಿನ ವ್ಯಾಪಾರಿ, ಅರಿವೆ ಅಂಗಡಿ — ಒಬ್ಬೊಬ್ಬರ ಬಾಗಿಲಿಗೂ ಒಂದೊಂದು ಪಟಾಕಿ ಸರ. ಇವನದು ಐದು ಸಾವಿರದ ಸರವಾದರೆ ಪಕ್ಕದವನದು ಹತ್ತು ಸಾವಿರದ್ದು. ದೇವಿ ಯಾರ ಅಂಗಡಿಗೆ ಮೊದಲು ಬರುತ್ತಾಳೋ ಗೊತ್ತಿಲ್ಲ, ಹೊಗೆ ಮಾತ್ರ ಎಲ್ಲರಿಗಿಂತ ಮೊದಲು ನಮ್ಮ ಮೂಗಿಗೆ ಬರುತ್ತದೆ.

ಸರಕ್ಕೆ ಬೆಂಕಿ ಬಿದ್ದ ಮೇಲೆ ಬ್ಯಾಂಡಿನವನು ನಿಲ್ಲಿಸಬಾರದು. ಸರ ಮುಗಿಯುವ ತನಕ ನುಡಿಸಬೇಕು. ನಡುವೆ ನಿಂತರೆ ಅಪಶಕುನ. ಅಂಗಡಿಯದಾದರೆ ವ್ಯಾಪಾರಕ್ಕೆ ಕೇಡು, ಮದುವೆಯದಾದರೆ... ಬೇಡ, ಅದನ್ನು ಬರೆಯುವುದೂ ಬೇಡ. ಅಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಸರಿಗಮ ಆಮೇಲೆ.

ಹೊಗೆಯಲ್ಲಿ ಮರ್ದಾನಸಾಬ ಕಾಣಿಸಲೇ ಇಲ್ಲ. ಅವನ ಟ್ರಂಪೆಟ್ ಮಾತ್ರ ಕೇಳುತ್ತಿತ್ತು, ಅದೂ ತುಂಡು ತುಂಡಾಗಿ. ಹೊಗೆ ಸರಿದಾಗ ನೋಡಿದರೆ ಗಟಾರದ ಕಡೆ ಬಾಗಿ ಕೆಮ್ಮುತ್ತಿದ್ದ. ಬೀಡಿ ಸೇದಿದವನಲ್ಲ, ಎಲೆ ಅಡಿಕೆ ಕೂಡ ಇಲ್ಲ. ಆದರೂ ದಮ್ಮು. ನಾವಿಬ್ಬರೂ ಮೀಸೆ ಬರುವ ಮೊದಲು ಈ ಬ್ಯಾಂಡಿಗೆ ಸೇರಿದವರು.

"ಇನ್ನ ಎಷ್ಟ ಅಂಗಡಿ ಅದಾವೋ ಮಾಶಾಕ?" ಅಂದ.

"ಇನ್ನ ಅರ್ಧಾ ಬಜಾರ ಐತಿ."

"ಹಂಗಾರ ಅರ್ಧಾ ಬಜಾರಕ್ಕ ಸಾಕಾಗೂವಷ್ಟ ಉಸರ ಉಳದೈತಿ, ನಡಿ" ಎಂದು ನಕ್ಕ.

ಮನೆಗೆ ಬಂದು ಮುಖ ತೊಳೆದೆ. ಮೂಗಿನಿಂದ ಕರಿ. ಎಡಗಿವಿಯಲ್ಲಿ ಸೀಟಿ, ಒಲೆಯ ಮೇಲೆ ಕುಕ್ಕರ್ ಇಟ್ಟು ಮರೆತ ಹಾಗೆ. ಪ್ರತಿ ದೀಪಾವಳಿಗೂ ಇದು ಇದ್ದದ್ದೇ. ಎರಡು ದಿನಕ್ಕೆ ಹೋಗುತ್ತದೆ.

30 ಅಕ್ಟೋಬರ್, ಬೆಳಿಗ್ಗೆ

ಊರ ಮೇಲೆ ಹೊಗೆ ಇನ್ನೂ ಹಾಗೇ ಕೂತಿದೆ. ಬೀದಿ ತುಂಬ ಕೆಂಪು ಕಾಗದದ ಚೂರು. ಎದುರು ಮನೆಯ ಹನಮಂತವ್ವ ಗುಡಿಸಿ ಗುಡ್ಡೆ ಹಾಕಿ ಅದಕ್ಕೇ ಬೆಂಕಿ ಹಚ್ಚಿದಳು. ಸಿಡಿಯದೆ ಉಳಿದವು ಅದರಲ್ಲಿ ಸಿಡಿದವು. ಮತ್ತೆ ಹೊಗೆ. ಅವಳ ಮೊಮ್ಮಗು ರಾತ್ರಿಯೆಲ್ಲ ಕೆಮ್ಮಿ ಅತ್ತಿತಂತೆ, ನನ್ನ ಹೆಂಡತಿ ರಮಜಾನಬಿ ಹೇಳಿದಳು. ನನಗೆ ಗೊತ್ತೇ ಆಗಲಿಲ್ಲ. ನಿದ್ದೆ ಅಷ್ಟು ಗಟ್ಟಿ.

ನಲ್ಲಿ ಹತ್ತಿರದ ಬೇವಿನ ಮರದಲ್ಲಿ ಗಿಳಿಗಳ ಸದ್ದಿಲ್ಲ. ದಿನಾ ಚಹಾ ಕುಡಿಯುವಾಗ ತಲೆ ತಿನ್ನುವ ಹಿಂಡು ಅದು. ಮರದ ಬುಡದಲ್ಲೇ ಆಟಂ ಬಾಂಬು ಇಟ್ಟರೆ ಅವಾದರೂ ಯಾಕೆ ಇರುತ್ತವೆ. ಬೇಸರವಾಯಿತು. ಬೈಯುತ್ತಿದ್ದೆ ನಿಜ, ಆದರೆ ಅವುಗಳ ಗದ್ದಲದಿಂದಲೇ ನನ್ನ ದಿನ ಶುರುವಾಗುತ್ತಿತ್ತು.

ಸೀಟಿ ಇದೆ.

5 ನವೆಂಬರ್

ಗಿಳಿಗಳು ಇನ್ನೂ ಬಂದಿಲ್ಲ.

ಮಹೆಕ ಚಹಾ ತಂದಳು. ನನಗೆ ಇರುವವಳು ಇವಳೊಬ್ಬಳೇ ಮಗಳು, ಅಂಗನವಾಡಿಯಲ್ಲಿ ಕಲಿಸುತ್ತಾಳೆ. ಹೇಳಿದೆ — ನೋಡು, ಪಟಾಕಿಗೆ ಹೆದರಿ ಗಿಳಿಯೆಲ್ಲ ಊರು ಬಿಟ್ಟವು. ಅವಳು ಕಪ್ಪು ಕೊಡುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಮರ ನೋಡಿದಳು. ಏನೋ ಅಂದಳು. ಇವಳದು ಮೊದಲೇ ಮೆತ್ತನೆ ದನಿ. ಗಟ್ಟಿ ಮಾತಾಡವಾ, ಎಂದೆ.

"ಅಬ್ಬಾ, ಅದಾವಲ್ಲ. ಅಲ್ಲೇ ಕುಂತು ಒದರಾಕತ್ತಾವು."

ತಲೆ ಎತ್ತಿ ನೋಡಿದೆ. ಹೌದು. ಎಲೆಗಳ ನಡುವೆ ಹತ್ತಾರು. ಕೊಕ್ಕು ತೆರೆಯುತ್ತಿವೆ, ಮುಚ್ಚುತ್ತಿವೆ.

"ಹಾಂ, ಈಗ ಬಂದ್ವು ನೋಡು" ಎಂದೆ.

ಮಹೆಕ ಕಪ್ಪು ಕೈಗಿಟ್ಟು ಒಳಗೆ ಹೋದಳು.

6 ನವೆಂಬರ್

ರೀಡಿನವನಿಗೆ ಫೋನ್ ಮಾಡಲಿಲ್ಲ.

16 ನವೆಂಬರ್, ಭಾನುವಾರ

ತುಳಸಿ ಲಗ್ನ ಮುಗಿಯಿತು, ಸೀಜನ್ ಶುರು. ಇವತ್ತು ಲಕ್ಷ್ಮೇಶ್ವರ. ಕಾಳಿನ ದಲಾಲರ ಮನೆ ಮದುವೆ. ಬಜಾರದ ಓಣಿ ಇಕ್ಕಟ್ಟು, ಎರಡೂ ಕಡೆ ಗೋಡೆ. ಅಲ್ಲಿ ಸರ ಹಚ್ಚಿದರೆ ಸದ್ದು ಹೊರಗೆ ಹೋಗುವುದಿಲ್ಲ, ಗೋಡೆಗೆ ಬಡಿದು ತಿರುಗಿ ನಮ್ಮ ತಲೆಗೇ ಬರುತ್ತದೆ. ಮರ್ದಾನಸಾಬ ಬಂದಿರಲಿಲ್ಲ. ಉಸಿರು ಹತ್ತುತ್ತಿಲ್ಲವಂತೆ.

ಚಹಾಕ್ಕೆ ನಿಂತಾಗ ಫಕ್ರುಸಾಬ ಪಕ್ಕಕ್ಕೆ ಕರೆದ. ರಮಜಾನಬಿಯ ತಮ್ಮ, ಬ್ಯಾಂಡಿನಲ್ಲಿ ಎರಡನೇ ಕ್ಲಾರಿನೆಟ್, ನನ್ನ ಮಗ್ಗುಲಲ್ಲೇ ನಿಲ್ಲುವವನು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಶ್ರುತಿ ಏರಾಕತ್ತೈತಿ. ಮ್ಯಾಲಿನ ಸ್ವರ ಭಾಳ ಒತ್ತಿ ಊದಾಕತ್ತೀರಿ."

"ನನಗ ಶ್ರುತಿ ಕಲಸ್ತೀಯೇನಲೇ? ನಿನಗ ಕ್ಲಾರಿನೆಟ್ ಹಿಡಿಯೂದ ಯಾರ ಕಲಿಸ್ಯಾರ?"

"ನೀವ ಕಲಿಸೀರಿ. ಅದಕ್ಕ ಗೊತ್ತಾತು."

ಸಿಟ್ಟು ನೆತ್ತಿಗೇರಿತು. ಅರ್ಧ ಕಪ್ಪು ಚಹಾ ಚೆಲ್ಲಿ ಎದ್ದುಹೋದೆ. ಟೆಂಪೋದಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ. ಅಥವಾ ಮಾತಾಡುತ್ತಿದ್ದರೋ ಏನೋ.

ಕೆಳತುಟಿ ಒಳಗಡೆ ಕಿತ್ತುಹೋಗಿದೆ. ಒತ್ತಿ ಊದಿದ್ದು ಖರೆ.

24 ನವೆಂಬರ್

ಮಹೆಕಳ ಮದುವೆ ಗೊತ್ತಾಯಿತು. ಹುಡುಗ ಶಿರಹಟ್ಟಿಯವನು, ಶಫೀಕ. ಬೋರಿನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವ ಕೆಲಸ. ಕೈಯಲ್ಲಿ ತಾಮ್ರದ ತಂತಿ ಗೀರಿದ ಗುರುತು. ಕೆಲಸದವನ ಕೈ, ಮನಸ್ಸಿಗೆ ಬಂತು. ಮೇ ಹತ್ತಕ್ಕೆ ನಿಕಾಹ.

ಎಲ್ಲರೂ ಹೋದ ಮೇಲೆ ರಮಜಾನಬಿ ಕೇಳಿದಳು, "ವಕೀಲ ನೀವ ಅಲ್ಲರಿ?"

ಮತ್ತೆ ಇನ್ನ್ಯಾರು. ನಿಕಾಹದಲ್ಲಿ ಹುಡುಗಿ ಸಭೆಗೆ ಬರುವುದಿಲ್ಲ. ವಕೀಲ ಎಂದು ಒಬ್ಬರು, ಜೊತೆಗೆ ಇಬ್ಬರು ಸಾಕ್ಷಿ, ಒಳಗೆ ಹೋಗಿ ಅವಳನ್ನು ಕೇಳಬೇಕು. ಅವಳು ಕಬೂಲ್ ಅಂದದ್ದನ್ನು ಕಿವಿಯಾರೆ ಕೇಳಿ, ಹೊರಗೆ ಬಂದು ಕಾಜಿಸಾಹೇಬರಿಗೆ ಹೇಳಬೇಕು. ನಮ್ಮ ಮನೆತನದಲ್ಲಿ ವಕೀಲ ಅಂದರೆ ತಂದೆಯೇ. ಅಕ್ಕನ ನಿಕಾಹದ ದಿನ ಅಪ್ಪ ಒಳಗಿನಿಂದ ಬಂದು ಬಾಯಿ ಬಿಡಲಾಗದೆ ತಲೆ ಆಡಿಸಿದ್ದ. ಕಾಜಿಗಳು "ಬಾಯಿಲೆ ಹೇಳ್ರಿ" ಅಂದಿದ್ದರು. ಅಷ್ಟು ದೊಡ್ಡ ಬ್ಯಾಂಡ್ ಮಾಸ್ತರನಿಗೆ ಉಸಿರೇ ಸಿಗಲಿಲ್ಲ.

ನಿಕಾಹದ ದಿನ ಹೆಣ್ಣುಮಕ್ಕಳು ತಲೆ ತಗ್ಗಿಸಿ, ಸೆರಗಿನೊಳಗೆ, ತುಟಿಯಂಚಿನಲ್ಲಿ ಹೇಳುತ್ತಾರೆ. ಮಹೆಕ ಇನ್ನೂ ಮೆತ್ತಗೆ ಹೇಳುವವಳು.

ಮೇ ತನಕ ಕಿವಿ ಸರಿಹೋಗಬೇಕು. ಅಷ್ಟೇ ಬೇಡುತ್ತೇನೆ. ಬೇರೆ ಏನೂ ಬೇಡ.

12 ಡಿಸೆಂಬರ್. ಹುಬ್ಬಳ್ಳಿಗೆ ಹೋಗಿ ಬಂದೆ

ಮರ್ದಾನಸಾಬನನ್ನು ಎದೆ ಡಾಕ್ಟರಿಗೆ ತೋರಿಸಿದೆವು. ಎಕ್ಸರೇ ಫೋಟೋ ದೀಪಕ್ಕೆ ಹಿಡಿದು ನೋಡಿ, ಏನು ಕೆಲಸ ಎಂದು ಕೇಳಿದರು. ಟ್ರಂಪೆಟ್ ಎಂದ. ಹೊಗೆ ಎಲ್ಲಿಂದ ಬಂತು ಎಂದು ಕೇಳಿದರು. ಮದುವೆ, ಮೆರವಣಿಗೆ, ಪಟಾಕಿ ಎಂದ. ಟ್ರಂಪೆಟ್ ಊದಬೇಕೆಂದರೆ ಮೊದಲು ಎದೆ ತುಂಬ ಎಳೆದುಕೊಳ್ಳಬೇಕು. ಎಳೆದುಕೊಂಡದ್ದೆಲ್ಲ ಅದೇ ಹೊಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಪುಪ್ಪುಸ ಬಹಳ ಕೆಟ್ಟಿದೆ, ಮನೆಯವರಿಗೆ ತಿಳಿಸಿ ಎಂದರು.

ಅವನು ಔಷಧಿ ಸಾಲಿನಲ್ಲಿ ನಿಂತಾಗ ನಾನು ಮಹಡಿ ಹತ್ತಿ ಕಿವಿ ಡಾಕ್ಟರಮ್ಮನ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂಡಿಸಿದರು. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಒತ್ತದೆ ಕೂತಿದ್ದೇ ಹೆಚ್ಚು.

"ನೋಡ್ರಿ, ಸತ್ತ ನರ ತಿರುಗಿ ಹುಟ್ಟೂದಿಲ್ಲ" ಅಂದರು. ಬಾಯಿ ದೊಡ್ಡದು ಮಾಡಿ, ನಿಧಾನವಾಗಿ. "ಎಡಗಡೆ ಮುಗದೈತಿ. ಬಲಗಡೆ ಸ್ವಲ್ಪ ಐತಿ. ಅದನ್ನ ಉಳಿಸ್ಕೋರಿ. ಪಟಾಕ್ಸಿ ಹತ್ರ ಹೋಗೂದ ಬಿಡ್ರಿ."

"ಅದ ನಮ್ಮ ಹೊಟ್ಟಿಪಾಡ್ರೀ ಅವ್ವಾರ."

"ಹಂಗಾರ ಕಿವಿ ಮುಚ್ಕೋರಿ. ಏನೂ ಸಿಗಲಿಲ್ಲಂದ್ರ ಹತ್ತಿಗೆ ವ್ಯಾಸಲೀನ್ ಹಚ್ಚಿ ಬಿಗಿಯಾಗಿ ತುಂಬ್ರಿ. ಇನ್ನೊಂದ ದೊಡ್ಡ ಪೆಟ್ಟ ಬಿದ್ರ ಅದೂ ಹೋಗತೈತಿ."

ಗದಗಿಗೆ ಬರುವ ರೈಲಿನಲ್ಲಿ ಮರ್ದಾನಸಾಬ ಕೇಳಿದ, ನಿನಗೇನಂದ್ರು ಎಂದು. ಗುಗ್ಗೆ ಇತ್ತು, ತೆಗೆದರು ಎಂದೆ. ನಕ್ಕ. ಆಮೇಲೆ ಗದಗ ಬರುವ ತನಕ ಮಾತಾಡಿದ. ಕಿಟಕಿ ಕಡೆ ಮುಖ ಮಾಡಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ಏನೇನೋ. ಗಾಡಿ ಸದ್ದಿನಲ್ಲಿ ನನಗೆ ಅರ್ಧವೂ ಕೇಳಲಿಲ್ಲ. ಹೂಂ, ಹೂಂ ಎನ್ನುತ್ತ ಬಂದೆ.

26 ಡಿಸೆಂಬರ್, ಶುಕ್ರವಾರ

ಮರ್ದಾನಸಾಬ ಹೋದ.

ಮೈ ತೊಳೆಸುವುದಕ್ಕೆ ನಾನೂ ಕೈ ಹಾಕಿದೆ. ಎಷ್ಟು ಹಗುರಾಗಿದ್ದ. ಮೂಗಿಗೆ, ಕಿವಿಗೆ ಹತ್ತಿ ಇಡುವುದು ನನ್ನ ಪಾಲಿಗೆ ಬಂತು. ಬಲಗಿವಿಗೆ ಕೊನೆಗೆ ಇಟ್ಟೆ. ಮೂವತ್ತು ವರ್ಷ ನನ್ನ ಶ್ರುತಿ ಹಿಡಿದು ನನ್ನ ಬೆನ್ನಿಗೇ ಬಂದದ್ದು ಇದೇ ಕಿವಿ.

ರೈಲಿನಲ್ಲಿ ಅವನು ಏನು ಹೇಳಿದ? ಯಾರನ್ನು ಕೇಳಲಿ ಈಗ.

2 ಫೆಬ್ರವರಿ 2009

ಮೊಹರಮ್ಮಿನ ತಿಂಗಳಾದ್ದರಿಂದ ನಮ್ಮವರ ಮದುವೆ ಇರಲಿಲ್ಲ, ಬೇರೆಯವರವನ್ನೂ ನಾನೇ ಹಿಡಿಯಲಿಲ್ಲ. ಬರೆಯುವ ಮನಸ್ಸೂ ಇರಲಿಲ್ಲ. ಮನೆಯಲ್ಲಿ ಕೂತು ಬಲಗಿವಿ ಕಾಪಾಡಿದೆ. ಮಹೆಕ ಎದುರಿಗೆ ಕೂತು ಮಾತಾಡಿದರೆ ಅರ್ಥವಾಗುತ್ತದೆ. ಹಿಂದಿನಿಂದ ಕರೆದರೆ ಇಲ್ಲ. ಮನೆಯವರಿಗೆ ನಾನು ಏನೂ ಹೇಳಿಲ್ಲ. ಮುದುಕನಾಗುತ್ತಿದ್ದೇನೆ, ಮರೆವು ಅಂದುಕೊಂಡಿದ್ದಾರೆ. ಹಾಗೇ ಇರಲಿ.

ಎಂಟನೇ ತಾರೀಕಿಗೆ ಮುಂಡರಗಿಯಲ್ಲಿ ಮದುವೆ. ಬಿಡಬಹುದಿತ್ತು. ಮುಂಗಡ ಹಿಡಿದಾಗಿದೆ, ಮಗಳ ಮದುವೆ ಮುಂದಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಇಲ್ಲಿ ಯಾರೂ ಓದುವುದಿಲ್ಲವಲ್ಲ, ಖರೆ ಬರೆಯುತ್ತೇನೆ. ಫಕ್ರುಸಾಬ ಮುಂದೆ ನಿಂತು ನುಡಿಸುವುದನ್ನು ನೋಡಲಾರೆ. ಚೆನ್ನಾಗಿ ನುಡಿಸುತ್ತಾನೆ ಅವನು. ಅದಕ್ಕೇ ನೋಡಲಾರೆ.

ಮೆಡಿಕಲ್ ಶಾಪಿನಿಂದ ಹತ್ತಿ ತಂದೆ. ರಮಜಾನಬಿ ಕೈಯಲ್ಲಿ ಹಿಡಿದು ಮುಖ ಸಣ್ಣಗೆ ಮಾಡಿದಳು.

"ಇದ ಯಾಕ್ರಿ ಮನ್ಯಾಗ?"

"ಕ್ಲಾರಿನೆಟ್ ಒರಸಾಕ."

8 ಫೆಬ್ರವರಿ, ಭಾನುವಾರ

ಮುಂಡರಗಿಯಿಂದ ಬಂದೆ. ಬರೆಯುತ್ತೇನೆ, ಬರೆಯದೆ ಬೇರೆ ದಾರಿ ಇಲ್ಲ.

ಪುಂಡಲೀಕಪ್ಪನವರ ಮಗಳ ಮದುವೆ. ಕಡಲೆ ಬೆಳೆಯುವ ದೊಡ್ಡ ಮನೆ. ಒಳ್ಳೆಯ ಮನುಷ್ಯ, ಬ್ಯಾಂಡಿನವರಿಗೆ ಮೊದಲು ಊಟ ಹಾಕಿಸಿದ. ನಾನು ಊಟವಾದ ಮೇಲೆ ಗೋಡೆ ಕಡೆ ತಿರುಗಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಟೋಪಿ ಕೆಳಗೆ ಎಳೆದುಕೊಂಡೆ. ಒಳಗೆ ನನ್ನ ಕ್ಲಾರಿನೆಟ್ ಹಲ್ಲಿನ ಮೂಲಕ ಕೇಳುತ್ತಿತ್ತು, ಬೇಕಾದಷ್ಟು. ಸರಿಯಾಗೇ ನಡೆಯುತ್ತಿತ್ತು. ಫಕ್ರುಸಾಬನೂ ಕಣ್ಣಲ್ಲೇ ಸರಿ ಅಂದ.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಾಯಿತು. ಸೆಕೆಗೆ ಬೆವರು ಒರೆಸುವಾಗ ಟೋಪಿ ಸರಿಯಿತು. ಎದುರಿಗೇ ಪುಂಡಲೀಕಪ್ಪ. ನೋಡಿದ. ಮುಖ ಬೆಳ್ಳಗಾಯಿತು. ಹತ್ತಿರ ಬಂದು ಕೈ ಮುಗಿದ. ತುಟಿ ನೋಡಿ ತಿಳಿದುಕೊಂಡೆ.

"ಮಾಸ್ತರ, ನನ್ನ ಮಗಳ ಅಕ್ಕಿಕಾಳಿನ ಹೊತ್ತಿಗೆ ಕಿವ್ಯಾಗ ಹತ್ತಿ ಇಟ್ಕೊಂಡ ನಿಂತೀರಲ್ರಿ. ಹತ್ತಿ ಯಾರಿಗೆ ಇಡ್ತಾರ? ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು. ಇದೇ ಬೆರಳುಗಳಿಂದ ಇಟ್ಟಿದ್ದೇನೆ.

ಡಾಕ್ಟರು ಹೇಳಿದ್ದಾರೆ ಎನ್ನಬಹುದಿತ್ತು. ಕಿವಿ ಹೋಗುತ್ತದೆ ಎನ್ನಬಹುದಿತ್ತು. ಅವನ ಹಿಂದೆ ಮದುಮಗಳು ಅಂತರಪಟದ ಆಚೆ ನಿಂತಿದ್ದಳು, ಮಹೆಕಳಷ್ಟೇ ವಯಸ್ಸು. ಇನ್ನೊಬ್ಬರ ಮಗಳ ಅಕ್ಕಿಕಾಳಿನಲ್ಲಿ ಹೆಣದ ಹಾಗೆ ನಿಲ್ಲಲು ನನಗೂ ಆಗಲಿಲ್ಲ. ತೆಗೆದು ಜೇಬಿಗೆ ಹಾಕಿದೆ. ಅವನು ಮತ್ತೆ ಕೈ ಮುಗಿದ. ಕಣ್ಣಲ್ಲಿ ನೀರಿತ್ತು ಅವನಿಗೆ. ತಪ್ಪು ಅವನದೂ ಅಲ್ಲ.

ಸರವನ್ನು ಪೆಂಡಾಲಿನ ಬಾಗಿಲಿಗೇ ಇಳಿಬಿಟ್ಟಿದ್ದರು, ನಮ್ಮ ತಲೆಯ ಮೇಲೆ. ಕೆಳಗೆ ಖಾಲಿ ಎಣ್ಣೆ ಡಬ್ಬಿಯೊಳಗೆ ಆಟಂ ಬಾಂಬು. ಅಕ್ಕಿ ಬಿತ್ತು, ಬೆಂಕಿ ಬಿತ್ತು. ನಾನು ನುಡಿಸುತ್ತಲೇ ಇದ್ದೆ. ಡಬ್ಬಿ ಸಿಡಿದಾಗ ಎದೆಗೆ ಯಾರೋ ಗುದ್ದಿದ ಹಾಗಾಯಿತು. ಆಮೇಲೆ, ಕರೆಂಟು ಹೋದ ಹಾಗೆ.

ಎಲ್ಲರ ಬಾಯಿ ಆಡುತ್ತಿತ್ತು. ಸರ ಇನ್ನೂ ಉರಿಯುತ್ತಿತ್ತು, ಕೆಂಪು ಕಾಗದ ಮೈಮೇಲೆ ಬೀಳುತ್ತಿತ್ತು. ಸರ ಮುಗಿಯಿತೆಂದು ನನಗೆ ಗೊತ್ತಾದದ್ದು ಫಕ್ರುಸಾಬ ಬಂದು ಕ್ಲಾರಿನೆಟ್ಟನ್ನು ನನ್ನ ಬಾಯಿಂದ ತೆಗೆದಾಗ.

9 ಫೆಬ್ರವರಿ

ಸೀಟಿ. ಬೇರೆ ಏನೂ ಇಲ್ಲ.

11 ಫೆಬ್ರವರಿ

ಇವತ್ತೂ.

20 ಮಾರ್ಚ್

ಮನೆಯಲ್ಲಿ ಎಲ್ಲರಿಗೂ ಗೊತ್ತು ಈಗ. ಮಹೆಕಳಿಗೆ ನವೆಂಬರಿನಲ್ಲೇ ಗೊತ್ತಿತ್ತಂತೆ. ನಾನೇ ಹೇಳಲಿ ಎಂದು ಕಾದಳಂತೆ. ರಮಜಾನಬಿ ಮೂರು ದಿನ ನನ್ನ ಕಡೆ ನೋಡಲಿಲ್ಲ, ನಾಲ್ಕನೇ ದಿನ ಆ ಹತ್ತಿಯ ಉಂಡೆ ಒಲೆಗೆ ಹಾಕಿದಳು.

ಹುಬ್ಬಳ್ಳಿಯಿಂದ ಕಿವಿಯ ಮಷೀನು ತಂದೆವು. ಹಾಕಿಕೊಂಡರೆ ತಾಟು ಇಟ್ಟರೂ ಪಟಾಕಿ, ಬಾಗಿಲು ಹಾಕಿದರೂ ಪಟಾಕಿ. ಮಾತು ಮಾತ್ರ ಅರ್ಥವಾಗುವುದಿಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಬಹಳ ಆಸೆ ಇಟ್ಟುಕೊಳ್ಳಬೇಡಿ ಎಂದು. ಕಪಾಟಿನಲ್ಲಿದೆ.

ಮಹೆಕ ದಿನಾ ಸಂಜೆ ಬೆಳಕಿಗೆ ಮುಖ ಮಾಡಿ ನನ್ನೆದುರು ಕೂಡುತ್ತಾಳೆ. ಅಂಗನವಾಡಿ ಮಕ್ಕಳಿಗೆ ಕಲಿಸುವ ಹಾಗೆ. ಅನ್ನ. ನೀರು. ಬಾಗಿಲು. ಅವಳ ತುಟಿ ನೋಡಿ ನಾನು ಹೇಳಬೇಕು. ತಪ್ಪಿದರೆ ನಗುತ್ತಾಳೆ. ನಗು ಕಾಣುತ್ತದೆ.

ನಿನ್ನೆ ಕ್ಲಾರಿನೆಟ್ ತೆಗೆದು ನುಡಿಸಿದೆ. ಬೆರಳಿಗೆ ಎಲ್ಲ ನೆನಪಿದೆ. ರಮಜಾನಬಿ ರೊಟ್ಟಿ ಬಡಿಯುವುದನ್ನು ಬಿಟ್ಟು ಅಳುತ್ತ ಕೂತಳು. ಹಾಡಿಗೆ ಅತ್ತಳು ಎಂದು ಮೊದಲು ಖುಷಿಯಾಯಿತು. ಶ್ರುತಿ ತಪ್ಪಿತ್ತೋ ಏನೋ. ಕೇಳಲಿಲ್ಲ.

19 ಏಪ್ರಿಲ್

ಲಗ್ನಪತ್ರಿಕೆ ಬಂತು. ಕೊನೆಯ ಸಾಲು ನಾನೇ ಹೇಳಿ ಹಾಕಿಸಿದ್ದು — ದಯವಿಟ್ಟು ಪಟಾಕಿ ಹಾರಿಸಬಾರದು. ಪ್ರೆಸ್ಸಿನವನು ಎರಡು ಸಲ ಕೇಳಿದನಂತೆ, ಬ್ಯಾಂಡ್ ಮಾಸ್ತರರ ಮನೆ ಮದುವೆಗೇ ಎಂದು.

ಶಿರಹಟ್ಟಿ ಬೀಗರಿಗೆ ಮುಖ ಊದಿತು. ಹುಡುಗನ ಕಾಕಾ ಬಂದು ಬಹಳ ಹೊತ್ತು ತುಟಿ ಆಡಿಸಿದ. ಒಂದೇ ತಿಳಿಯಿತು — ಹಿಂಗ ಸುಮ್ಮನ ಬರಾಕ ಅದೇನ ಸತ್ತವರ ಮಣ್ಣ ಕಾರ್ಯಾನ? ನಾನೂ ಒಂದು ಕಾಲಕ್ಕೆ ಹಾಗೇ ಅನ್ನುತ್ತಿದ್ದೆ.

ಸಂಜೆ ಶಫೀಕ ಒಬ್ಬನೇ ಮೋಟಾರ್ ಸೈಕಲ್ಲಿನಲ್ಲಿ ಬಂದ. ನನ್ನ ಎದುರು ಕೂತು, ಪೂರ್ತಿ ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಿದ. "ಮಾಮಾ, ನಮ್ಮ ಕಡಿಂದ ಒಂದೂ ಹಾರೂದಿಲ್ಲ. ಕಾಕಾಗ ನಾ ಹೇಳ್ತೀನಿ." ಹಾಗೆ ಮಾತಾಡುವುದನ್ನು ಮಹೆಕ ಹೇಳಿಕೊಟ್ಟಿರಬೇಕು. ಮಗಳು ಒಳ್ಳೆಯ ಮನೆ ಸೇರುತ್ತಾಳೆ.

8 ಮೇ, ಶುಕ್ರವಾರ

ಮಧ್ಯಾಹ್ನ ನಮಾಜ್ ಆದ ಮೇಲೆ ಕಾಜಿಸಾಹೇಬರ ಹತ್ತಿರ ಹೋದೆ. ಒಂದು ವಾರದಿಂದ ಒಂದೇ ಲೆಕ್ಕ ಹಾಕುತ್ತಿದ್ದೆ. ಸಾಕ್ಷಿಗಳಿಬ್ಬರು ಇರುತ್ತಾರೆ, ಅವರಿಗೆ ಕೇಳುತ್ತದೆ. ಅವರು ತಲೆ ಆಡಿಸಿದ್ದನ್ನು ನೋಡಿ ನಾನೂ ಹೊರಗೆ ಬಂದು ಕೇಳಿದೆ ಅನ್ನಬಹುದು. ಯಾರಿಗೆ ತಿಳಿಯುತ್ತದೆ.

ಆದರೆ ಮಗಳ ನಿಕಾಹವನ್ನು ಸುಳ್ಳಿನಿಂದ ಶುರು ಮಾಡುವುದೇ. ಕೇಳದ್ದನ್ನು ಕೇಳಿದೆ ಎಂದು, ಅದೂ ಆ ಮಾತನ್ನು.

"ನನಗ ಕಿವಿ ಕೇಳೂದಿಲ್ರಿ" ಎಂದೆ. ಮಸೀದಿ ಕಟ್ಟೆಯ ಮೇಲೆ, ಹತ್ತು ಮಂದಿ ಎದುರಿಗೆ. ನನ್ನ ದನಿ ಎಷ್ಟು ಜೋರಾಗಿತ್ತೋ, ಎಲ್ಲರೂ ತಿರುಗಿ ನೋಡಿದರು. "ನಾ ವಕೀಲ ಆಗಾಕ ಬರ್ತದೇನ್ರಿ?"

ಕಾಜಿಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟು ಇಲ್ಲ ಎಂದು ತಲೆ ಆಡಿಸಿದರು. ಬಾಯಿ ತೆರೆಯಲಿಲ್ಲ. ಅದಕ್ಕೆ ಅವರಿಗೆ ಋಣಿ.

ಫಕ್ರುಸಾಬ ವಕೀಲ. ಸೋದರಮಾವ, ಕೊರತೆಯೇನಿಲ್ಲ. ಮಹೆಕಳಿಗೆ ನಾನೇ ಹೇಳಿದೆ. ಅವಳು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಸೂಜಿ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು.

ಇಪ್ಪತ್ತೆರಡು ವರ್ಷ ಅವಳ ದನಿ ಮನೆಯಲ್ಲಿತ್ತು. ಗಟ್ಟಿ ಮಾತಾಡು, ಗಟ್ಟಿ ಮಾತಾಡು ಎಂದು ಬೈದದ್ದೇ ಬಂತು.

10 ಮೇ, ಭಾನುವಾರ, ಬೆಳಿಗ್ಗೆ

ಬ್ಯಾಂಡಿನವರ ಮನೆ ಮದುವೆ ಎಂದರೆ ಎಲ್ಲ ಬ್ಯಾಂಡಿನವರೂ ಬಂದು ಪುಕ್ಕಟೆ ನುಡಿಸುವುದು ನಮ್ಮಲ್ಲಿ ಪದ್ಧತಿ. ಗದಗಿನವರು ಬಂದರು, ಲಕ್ಷ್ಮೇಶ್ವರದವರು ಬಂದರು. ಓಣಿ ತುಂಬ ಹಿತ್ತಾಳೆ ಹೊಳೆಯುತ್ತಿದೆ. ಹೊಗೆ ಎಂದರೆ ಬಿರಿಯಾನಿ ಒಲೆಯದು ಮಾತ್ರ. ಹನಮಂತವ್ವ ಮೊಮ್ಮಗುವನ್ನು ಎತ್ತಿಕೊಂಡು ಧೈರ್ಯವಾಗಿ ಕಟ್ಟೆಗೆ ಬಂದು ಕೂತಿದ್ದಾಳೆ.

ಫಕ್ರುಸಾಬ ಮುಂದೆ ನಿಂತು ನುಡಿಸುತ್ತಿದ್ದಾನೆ. ನೋಡಿದೆ. ನೋಡಲು ಆಯಿತು. ಕರೆಯುತ್ತಿದ್ದಾರೆ...

11 ಮೇ

ನಿನ್ನೆಯದು ಬರೆಯಬೇಕು.

ನಾನು ಪೆಂಡಾಲಿನಲ್ಲಿ ಕಾಜಿಸಾಹೇಬರ ಪಕ್ಕ ಕೂತಿದ್ದೆ. ಎದುರಿಗೆ ಶಫೀಕ, ಮುಖಕ್ಕೆ ಹೂವಿನ ಸೆಹರಾ. ಫಕ್ರುಸಾಬ ಕ್ಲಾರಿನೆಟ್ ನನ್ನ ತೊಡೆಯ ಮೇಲೆ ಇಟ್ಟು ಇಬ್ಬರು ಸಾಕ್ಷಿಗಳ ಜೊತೆ ಒಳಗೆ ಹೋದ. ಬ್ಯಾಂಡು ನಿಂತಿತು ಎಂದು ಕಾಣುತ್ತದೆ, ಎಲ್ಲರೂ ವಾದ್ಯ ಕೆಳಗಿಳಿಸಿದರು. ನಾನು ಬಾಗಿಲ ಪರದೆ ನೋಡುತ್ತ ಕೂತೆ. ಈಗ ಕೇಳಿರಬೇಕು. ಈಗ ತಲೆ ತಗ್ಗಿಸಿರಬೇಕು. ಹೆಂಗಸರು ಭುಜ ತಟ್ಟಿ ಹೇಳವಾ, ಹೇಳವಾ ಎನ್ನುತ್ತಿರಬೇಕು.

ಆಗ ಎಲ್ಲರ ತಲೆ ಒಮ್ಮೆಗೇ ಮನೆಯ ಕಡೆ ತಿರುಗಿತು.

ಕಾಜಿಸಾಹೇಬರ ಪೆನ್ನು ನಿಂತಿತು. ಒಲೆಯ ಹತ್ತಿರ ಕೂತವರು ಸೌಟು ಹಿಡಿದೇ ಎದ್ದು ನಿಂತರು. ಹನಮಂತವ್ವ ಬಾಯಿಗೆ ಸೆರಗು ಹಿಡಿದಳು. ಹುಡುಗನ ಕಾಕಾ ಹುಬ್ಬು ಗಂಟಿಕ್ಕಿದ. ಶಫೀಕ ಸೆಹರಾ ಪಕ್ಕಕ್ಕೆ ಸರಿಸಿ ನನ್ನ ಕಡೆ ನೋಡಿದ. ತಲೆಗಳು ಮತ್ತೊಮ್ಮೆ ತಿರುಗಿದವು. ಇನ್ನೊಮ್ಮೆ. ಮೂರು ಸಲವೂ ಎಲ್ಲರ ಮೈ ಅಲುಗಿದ್ದು ಕಂಡಿತು. ಪರದೆ ಸರಿಸಿ ಫಕ್ರುಸಾಬ ಬಂದ. ಬಾಯಿ ತೆರೆದ, ಮಾತು ಬರಲಿಲ್ಲ ಅವನಿಗೆ. ಕಾಜಿಸಾಹೇಬರು ಇರಲಿ ಎಂದು ಕೈ ಮಾಡಿದರು. ಅವರಿಗೂ ಕೇಳಿಸಿತ್ತು. ಎಲ್ಲರಿಗೂ.

ರಮಜಾನಬಿ ಆಮೇಲೆ ತುಟಿ ಆಡಿಸಿ, ಕೈ ಮಾಡಿ ಹೇಳಿದಳು. ಮಹೆಕ ಸೆರಗು ಹಿಂದೆ ಹಾಕಿದಳಂತೆ. ಎದ್ದು ನಿಂತಳಂತೆ. ಮದುಮಗಳು ಏಳಬಾರದು, ಕೂಡವಾ ಎಂದು ಹೆಂಗಸರು ಜಗ್ಗಿದರೂ ಕೇಳದೆ, ಬಾಗಿಲ ಕಡೆ ಮುಖ ಮಾಡಿ, "ಅಬ್ಬಾ, ಕಬೂಲ್ ಐತಿ" ಎಂದು ಕೂಗಿದಳಂತೆ. ಮೂರೂ ಸಲ ಅಬ್ಬಾ ಎಂದು ಸೇರಿಸಿಯೇ. ಕೊರಳ ನರ ಉಬ್ಬಿತ್ತಂತೆ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೂ ಕೇಳಿಸಿತಂತೆ. ಶಿರಹಟ್ಟಿ ಹೆಂಗಸರು ಇನ್ನೂ ಆಡಿಕೊಳ್ಳುತ್ತಿದ್ದಾರಂತೆ, ಎಂಥಾ ಬಾಯಿಬಡುಕ ಸೊಸೆ ಎಂದು. ನನ್ನ ಮಹೆಕಳನ್ನು.

ಇವತ್ತು ಬೆಳಿಗ್ಗೆಯಿಂದ ಬಂದವರೆಲ್ಲ ಅದನ್ನೇ ಹೇಳುತ್ತಾರೆ. ನನ್ನೆದುರು ನಿಂತು ಬಾಯಿ ಅಗಲ ಮಾಡಿ ತೋರಿಸುತ್ತಾರೆ. ಇಡೀ ಓಣಿ ಕೇಳಿದೆ. ಯಾರಿಗಾಗಿ ಕೂಗಿದಳೋ ಅವನೊಬ್ಬನನ್ನು ಬಿಟ್ಟು.

ಅವಳು ಹುಟ್ಟಿದಾಗಿನಿಂದ ಕೂಗಿದವಳಲ್ಲ. ಗಟ್ಟಿ ಕೂಗಿದರೆ ಅವಳ ದನಿ ಹೇಗಿರುತ್ತದೆ, ನನಗೆ ಗೊತ್ತಿಲ್ಲ. ಮಧ್ಯಾಹ್ನ ಫಕ್ರುಸಾಬನನ್ನು ಕೂಡಿಸಿಕೊಂಡು ಕೇಳಿದೆ — ಯಾವ ಸ್ವರದಲ್ಲಿ ಹಿಡಿದಿದ್ದಳು? ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ನನ್ನ ಕ್ಲಾರಿನೆಟ್ ತೆಗೆದು ಕೈಗೆ ಕೊಟ್ಟ. ನನ್ನ ಬೆರಳು ಒಂದೊಂದೇ ಹಿಡಿದು ತೂತುಗಳ ಮೇಲೆ ಇಟ್ಟ, ಎರಡನ್ನು ಎತ್ತಿದ. ಇದು, ಎಂದು ತಲೆ ಆಡಿಸಿದ.

ಊದಿದೆ. ಕೊಳವೆ ಬೆರಳ ಕೆಳಗೆ ನಡುಗಿತು, ಹಲ್ಲಿಗೆ ಬಂತು, ದವಡೆಗೆ ಬಂತು. ಉಸಿರು ಮುಗಿಯುವ ತನಕ ಹಿಡಿದೆ. ಇದೇನಾ ಎಂದು ಫಕ್ರುಸಾಬನನ್ನು ನೋಡಿದೆ. ಅವನು ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎಂದು ಕೈ ಮಾಡುತ್ತಿದ್ದ. ಮತ್ತೆ ಎದೆ ತುಂಬ ಉಸಿರು ಎಳೆದುಕೊಂಡು ಊದಿದೆ.